ಬಸಮ್ಮನ ಕಾಲುಚೀಲದ ಗಂಟು

ಅರಸೀಕೆರೆಯ ಪೇಟೆ ಬೀದಿಯಲ್ಲಿ ಬಸಮ್ಮನಿಗೆ ಎರಡು ಹೆಸರು. ಒಂದು ತಂದೆತಾಯಿ ಇಟ್ಟದ್ದು. ಇನ್ನೊಂದು ಬೀದಿಯವರು ಇಟ್ಟದ್ದು, ಟೂರಮ್ಮ. ಎದುರಿಗೆ ಯಾರೂ ಹಾಗೆ ಕರೆಯುವುದಿಲ್ಲ, ಆದರೆ ಅದು ಬಸಮ್ಮನಿಗೂ ಗೊತ್ತು, ಒಳಗೊಳಗೇ ಇಷ್ಟವೂ ಹೌದು.

ವರ್ಷಕ್ಕೊಂದು ಭಾನುವಾರ, ಚಳಿ ಹಿಂದೆಗೆಯುವ ಹೊತ್ತಿಗೆ, ಬೀದಿಯ ಹೆಂಗಸರನ್ನೆಲ್ಲ ಮನೆ ಬಿಡಿಸಿ ಎಲ್ಲಿಗಾದರೂ ಕರೆದೊಯ್ಯುವುದು ಆ ಮನೆಯ ಪದ್ಧತಿ. ಶುರು ಮಾಡಿದವರು ಬಸಮ್ಮನ ಅತ್ತೆ. ಕೊಬ್ಬರಿ ವ್ಯಾಪಾರದ ಮನೆಯ ಆ ಹೆಂಗಸು ಒಂದು ದಿನ ಊಟದ ಎಲೆ ಎತ್ತುತ್ತಾ, ‘ನಾಳೆ ನಾನು ಒಲೆ ಹಚ್ಚಲ್ಲ’ ಎಂದು ಗಂಡನಿಗೆ ಹೇಳಿ, ಮಾರನೆಯ ದಿನ ಆರು ಜನ ಹೆಂಗಸರೊಂದಿಗೆ ಕೆಂಪು ಬಸ್ಸು ಹತ್ತಿ ಬೇಲೂರಿಗೆ ಹೋದರಂತೆ. ಮಧ್ಯಾಹ್ನದ ಬಿಸಿಲಿಗೆ ದೇವಸ್ಥಾನದ ಕಲ್ಲಿನ ಹಾಸು ಕಾದು, ಏಳು ಜನವೂ ಕುಣಿಯುತ್ತಾ ಪ್ರದಕ್ಷಿಣೆ ಹಾಕಿದರಂತೆ. ಮುಂದಿನ ವರ್ಷದಿಂದ ಅತ್ತೆಯ ಕೈಯಲ್ಲಿ ಒಂದು ಬಟ್ಟೆಯ ಗಂಟು. ಅದರ ತುಂಬಾ ಕಾಲುಚೀಲ.

ಆ ಗಂಟು ಈಗ ಬಸಮ್ಮನದು. ಅದರಲ್ಲಿ ಮಕ್ಕಳ ಸ್ಕೂಲಿನ ಹಳೆಯ ಕಾಲುಚೀಲಗಳಿವೆ, ಹಿಮ್ಮಡಿ ಹರಿದು ಬೇರೆ ಬಣ್ಣದ ದಾರದಲ್ಲಿ ಹೊಲಿದವಿವೆ, ಜೊತೆ ತಪ್ಪಿದವೂ ಇವೆ. ಅತ್ತೆಯ ಕಂದು ಬಣ್ಣದ ಉಣ್ಣೆಯ ಜೊತೆಯೂ ಅಲ್ಲೇ ಇದೆ. ಅತ್ತೆ ತೀರಿಕೊಂಡು ಹದಿನಾರು ವರ್ಷವಾಯಿತು. ಬಸಮ್ಮ ಪ್ರತಿ ವರ್ಷ ಅದನ್ನು ಒಗೆದು ಒಣಗಿಸಿ ಗಂಟಿನ ತಳಕ್ಕೆ ಸೇರಿಸುತ್ತಾಳೆ, ಯಾರಿಗೂ ಕೊಡುವುದಿಲ್ಲ. ಒಮ್ಮೆ ಒಬ್ಬಾಕೆ ಕೈ ಹಾಕಿದ್ದಕ್ಕೆ, ‘ಅದನ್ನ ಬಿಡ್ರೀ’ ಎಂದ ದನಿಗೆ ಇಡೀ ಬಸ್ಸು ಸುಮ್ಮನಾಗಿತ್ತು.

ಈ ಸಲ ಹಳೇಬೀಡು, ಬೇಲೂರು. ಊರ ಪಕ್ಕದ ಮಾಲೇಕಲ್ಲು ಬೆಟ್ಟದ ಮೆಟ್ಟಿಲು ಹತ್ತುವ ಮೊಣಕಾಲುಗಳು ಆ ಗುಂಪಿನಲ್ಲಿ ಈಗ ಉಳಿದಿಲ್ಲ. ಬಸಮ್ಮ ನಾಲ್ಕೂವರೆಗೆ ಎದ್ದು ಪುಳಿಯೋಗರೆ ಕಲಸಿದಳು, ಮೊಸರನ್ನಕ್ಕೆ ಒಗ್ಗರಣೆ ಹಾಕಿದಳು. ವಾಂತಿ ಮಾಡುವವರಿಗೆ ನಿಂಬೆಹಣ್ಣು, ಸೆರಗು ಜಾರುವವರಿಗೆ ಪಿನ್ನು, ಕಾಲುಚೀಲದ ಗಂಟು, ಎಲ್ಲವನ್ನೂ ಎರಡೆರಡು ಸಲ ನೋಡಿಕೊಂಡಳು. ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಸಕ್ಕರೆ ಕಾಯಿಲೆಯ ಮಾತ್ರೆ ನುಂಗಿದಳು. ಕೊರಳಿನ ಶಿವದಾರ ಸವೆದಿತ್ತು, ಹೊಸದು ಹಾಕೋಣವೆಂದು ಇಷ್ಟಲಿಂಗವನ್ನು ವಸ್ತ್ರದಲ್ಲಿ ಸುತ್ತಿ ದೇವರ ಗೂಡಿನಲ್ಲಿಟ್ಟು ದಾರ ಹುಡುಕುತ್ತಿರುವಾಗ ಹೊರಗೆ ಟೆಂಪೋ ಟ್ರಾವೆಲರಿನ ಹಾರನ್ನು ಕೇಳಿಸಿತು. ‘ಬಂದೆ, ಬಂದೆ’ ಎನ್ನುತ್ತಾ ಪಾತ್ರೆಗಳನ್ನು ಹೊತ್ತು ಓಡಿದಳು.

ಊರವರ ಪಿನ್ನು ನೆನಪಿತ್ತು, ತನ್ನ ಲಿಂಗ ನೆನಪಾಗಲಿಲ್ಲ.

ಗೊತ್ತಾದದ್ದು ಜಾವಗಲ್ ದಾಟಿದ ಮೇಲೆ, ದಾರಿ ಬದಿಯ ಮರದ ಕೆಳಗೆ ತಿಂಡಿಗೆ ಕುಳಿತಾಗ. ತುತ್ತು ಎತ್ತುವ ಮೊದಲು ಎಂದಿನಂತೆ ಬಸಮ್ಮನ ಕೈ ಎದೆಗೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಎಂಟನೆಯ ವಯಸ್ಸಿನಲ್ಲಿ ದೀಕ್ಷೆಯಾದಾಗಿನಿಂದ ಲಿಂಗ ಮೈಮೇಲಿಲ್ಲದೆ ಅವಳು ಒಂದು ಗುಟುಕು ನೀರು ಕುಡಿದವಳಲ್ಲ. ಹೆರಿಗೆಯ ಹೊತ್ತಿನಲ್ಲೂ ಬಿಟ್ಟವಳಲ್ಲ. ಬಸಮ್ಮ ತಟ್ಟೆಯನ್ನು ಮೆಲ್ಲಗೆ ಕೆಳಗಿಟ್ಟು, ಬಡಿಸಲು ಎದ್ದಳು.

“ನೀವೂ ತಿನ್ರೀ,” ಎಂದಳು ದ್ಯಾವಮ್ಮ. ಹೂ ಕಟ್ಟಿ ಮಾರುವ ದ್ಯಾವಮ್ಮನಿಗೆ ಇದು ಮೊದಲ ಪ್ರವಾಸ. ಅವಳು ಹುಟ್ಟಿದ್ದು ಬಾಣಾವರದಲ್ಲಿ, ಬೇಲೂರನ್ನು ಕಂಡಿದ್ದು ಕ್ಯಾಲೆಂಡರಿನಲ್ಲಿ.

“ಮನೇಲೇ ಆಯ್ತು ಕಣೇ,” ಎಂದಳು ಬಸಮ್ಮ.

ಹೇಳಿದರೆ ಏನಾಗುತ್ತದೆಂದು ಅವಳಿಗೆ ಗೊತ್ತಿತ್ತು. ಹನ್ನೊಂದು ಜನವೂ ತಟ್ಟೆ ಕೆಳಗಿಟ್ಟು, ಬಸ್ಸು ತಿರುಗಿಸಿ ಎನ್ನುತ್ತಾರೆ. ದ್ಯಾವಮ್ಮನ ಬೇಲೂರು ಮತ್ತೆ ಕ್ಯಾಲೆಂಡರಿಗೇ ಹೋಗುತ್ತದೆ. ಮನೆಗೆ ಫೋನು ಮಾಡೋಣವೆಂದರೆ ಅಲ್ಲಿರುವವಳು ಸೊಸೆ ಮೇಘಶ್ರೀ. ಮಗ ರಾಜಶೇಖರ್ ವ್ಯಾಪಾರಕ್ಕೆಂದು ತಿಪಟೂರಿಗೆ ಹೋಗಿದ್ದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಮೇಘಶ್ರೀ ಲಿಂಗ ಕಟ್ಟುವುದಿಲ್ಲ. ಹೋದ ವರ್ಷದ ಶಿವರಾತ್ರಿಯ ದಿನ, ನೆಂಟರ ಎದುರಿನಲ್ಲಿ, ‘ಲಿಂಗ ಇಲ್ಲದ ಕೈಯಲ್ಲಿ ನನಗೆ ನೀರು ಕೊಡಬೇಡ’ ಎಂದು ಬಸಮ್ಮ ಅಂದಿದ್ದಳು. ಮೇಘಶ್ರೀ ಲೋಟವನ್ನು ಮೇಜಿನ ಮೇಲಿಟ್ಟು ಒಳಗೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಅತ್ತೆ ಸೊಸೆ ಬಹಳ ಮರ್ಯಾದೆಯಿಂದ ಇದ್ದರು. ಅಷ್ಟು ಮರ್ಯಾದೆ ಮನೆಗೆ ಒಳ್ಳೆಯದಲ್ಲ. ಈಗ ಯಾವ ಮುಖ ಇಟ್ಟುಕೊಂಡು ಅವಳಿಗೆ ಹೇಳುವುದು? ಬಸಮ್ಮ ಹಲ್ಲು ಕಚ್ಚಿಕೊಂಡಳು. ಸಂಜೆ ಏಳಕ್ಕೆ ಮನೆ. ಅಲ್ಲಿಯವರೆಗೆ ಹೇಗೋ ತಡೆದರಾಯಿತು.

ಅವಳ ಲೆಕ್ಕಕ್ಕೆ ಸಿಗದೆ ಹೋದದ್ದು ಗುಂಪಿನಲ್ಲಿದ್ದ ಯದುಗಿರಿಯ ಕಣ್ಣು. ತಾಲ್ಲೂಕು ಕಚೇರಿಯಲ್ಲಿ ಮೂವತ್ತು ವರ್ಷ ಅರ್ಜಿಗಳನ್ನು ನೋಡಿದ ಕಣ್ಣು ಅದು, ಬಿಟ್ಟು ಹೋದ ಕಾಲಂ ಯಾವುದೆಂದು ದೂರದಿಂದಲೇ ಕಾಣುತ್ತದೆ. ಹಳೇಬೀಡಿನಲ್ಲಿ ಎಲ್ಲರೂ ದೊಡ್ಡ ನಂದಿಯ ಮುಂದೆ ಫೋಟೋಗೆ ನಿಂತಾಗ ಯದುಗಿರಿ ಬಸಮ್ಮನ ಪಕ್ಕಕ್ಕೆ ಬಂದಳು.

“ಬಸಮ್ಮನೋರೆ, ಬೆಳಗಿಂದ ನೀವು ನೀರು ಕೂಡ ಕುಡಿದಿಲ್ಲ. ಏನು ಸಮಾಚಾರ?”

ಸುಳ್ಳು ಹೇಳಲು ನೋಡಿ, ಆಗದೆ, ಬಸಮ್ಮ ಹೇಳಿಬಿಟ್ಟಳು. ಸೊಸೆಗೆ ಅಂದ ಮಾತನ್ನೂ ಹೇಳಿದಳು. “ಬಸ್ಸಲ್ಲಿರೋ ಯಾರಿಗೂ ಹೇಳಬ್ಯಾಡಿ ಯದುಗಿರಮ್ಮ. ನನ್ನಾಣೆ ಐತೆ.”

“ಬಸ್ಸಲ್ಲಿರೋರಿಗೆ ಹೇಳಲ್ಲ,” ಎಂದು ಯದುಗಿರಿ ಮಾತು ಕೊಟ್ಟಳು. ಕೊಟ್ಟವಳೇ ಕೆರೆಯ ಕಡೆಗೆ ನಡೆದು ಫೋನು ಕಿವಿಗಿಟ್ಟುಕೊಂಡಳು. ಮಗಳ ಜೊತೆ ಮಾತಾಡುತ್ತಿದ್ದಾಳೆ ಎಂದುಕೊಂಡಳು ಬಸಮ್ಮ.

ಬೇಲೂರು ಮುಟ್ಟುವ ಹೊತ್ತಿಗೆ ಹನ್ನೆರಡು ದಾಟಿತ್ತು. ದೇವಸ್ಥಾನದ ಬಾಗಿಲಲ್ಲಿ ಬಸಮ್ಮ ಗಂಟು ಬಿಚ್ಚಿ ಒಬ್ಬೊಬ್ಬರಿಗೂ ಕಾಲುಚೀಲ ಹಂಚಿದಳು. ಒಂದು ಕಾಲಿಗೆ ಬಿಳಿ, ಇನ್ನೊಂದಕ್ಕೆ ನೀಲಿ ಹಾಕಿಕೊಂಡ ದ್ಯಾವಮ್ಮ ತನ್ನ ಪಾದಗಳನ್ನು ನೋಡಿ ನಕ್ಕಳು, ಆಮೇಲೆ ತಲೆ ಎತ್ತಿ ಗೋಪುರ ನೋಡಿ ನಗು ನಿಲ್ಲಿಸಿದಳು. ಹನ್ನೊಂದು ಜನ ಹೆಂಗಸರು ಬಣ್ಣಬಣ್ಣದ ಕಾಲುಗಳಲ್ಲಿ ಕಾದ ಕಲ್ಲಿನ ಮೇಲೆ ನಡೆದು ಹೋದರು. ಹಿಂದೆಲ್ಲ ಇಪ್ಪತ್ತೆರಡು ಜನ ಇರುತ್ತಿದ್ದರು. ಬಸಮ್ಮ ಗೋಡೆಯ ಬದಿಯ ನೆರಳಿನ ಜಗಲಿಯಲ್ಲಿ ಕುಳಿತು, ಬಾರದೆ ಹೋದವರನ್ನು ಒಬ್ಬೊಬ್ಬರಾಗಿ ನೆನೆದಳು. ಇಲ್ಲೇ ಅತ್ತೆ ಅವಳಿಗೆ ಕನ್ನಡಿ ಹಿಡಿದ ಮದನಿಕೆಯನ್ನು ತೋರಿಸಿ, ‘ನೋಡು, ಇವಳೂ ಒಲೆ ಹಚ್ಚಿಲ್ಲ’ ಎಂದಿದ್ದರು. ಆ ದಿನಗಳು ಮತ್ತೆ ಬೇಕು ಅನ್ನಿಸಿತು ಅವಳಿಗೆ, ಸುಮ್ಮನೆ, ಒಂದೇ ಒಂದು ಭಾನುವಾರದ ಮಟ್ಟಿಗೆ.

ನೆನಪು ಮಾಡುತ್ತಿದ್ದಂತೆ ಕೈ ನಡುಗಿತು. ಕುತ್ತಿಗೆಯಲ್ಲಿ ತಣ್ಣನೆಯ ಬೆವರು. ಮಾತ್ರೆ ತನ್ನ ಕೆಲಸ ಮಾಡುತ್ತಿತ್ತು, ಹೊಟ್ಟೆಯಲ್ಲಿ ಏನೂ ಇರಲಿಲ್ಲ.

ಯದುಗಿರಿ ಪಕ್ಕದಲ್ಲಿ ಬಂದು ಕುಳಿತಳು. ಅವಳ ಮುಷ್ಟಿಯಲ್ಲಿ ಸಕ್ಕರೆಯ ಪೊಟ್ಟಣವಿತ್ತು.

“ಬಾಯಿಗೆ ಹಾಕ್ಕೊಳ್ಳಿ.”

“ಆಗಲ್ಲ ಯದುಗಿರಮ್ಮ.”

“ಒಂದೂವರೆ ತನಕ ನೋಡ್ತೀನಿ. ಇನ್ನಷ್ಟು ತಲೆ ಸುತ್ತಿದರೆ ಅಲ್ಲಿವರೆಗೂ ಕಾಯಲ್ಲ, ಬಾಯಿ ಬಿಡಿಸಿ ಸುರೀತೀನಿ. ಆ ಪಾಪ ನನಗೇ ಇರಲಿ.” ಯದುಗಿರಿ ಬಸಮ್ಮನ ತಣ್ಣಗಾದ ಕೈ ಹಿಡಿದುಕೊಂಡಳು. “ನನ್ನ ಮೊದಲನೇ ಟೂರು ನೆನಪಿದೆಯಾ ನಿಮಗೆ?”

ಬಸಮ್ಮನಿಗೆ ನೆನಪಿತ್ತು. ಮದುವೆಯಾಗಿ ಎರಡು ತಿಂಗಳ ಹುಡುಗಿ ಯದುಗಿರಿ. ಹೊರಗೆ ಬೇಯಿಸಿದ್ದನ್ನು ಮುಟ್ಟಕೂಡದೆಂದು ಅವಳ ಅತ್ತೆ ಆಣೆ ಹಾಕಿಸಿ ಕಳಿಸಿದ್ದರು. ಎಲ್ಲರೂ ಉಣ್ಣುವಾಗ ಅವಳು ತಲೆನೋವೆಂದು ದೂರ ಕುಳಿತಿದ್ದಳು. ಬಸಮ್ಮ ಒಂದು ಎಳನೀರು, ಒಂದು ಚಿಪ್ಪು ಬಾಳೆಹಣ್ಣು ತಂದು ಮುಂದಿಟ್ಟು, ‘ಇದನ್ನ ನಾನು ಬೇಯಿಸಿಲ್ಲ, ಮರ ಕೊಟ್ಟಿದ್ದು’ ಎಂದಿದ್ದಳು. ಹುಡುಗಿ ನಾಚದೆ ತಿನ್ನಲಿ ಎಂದು ಅವಳಿಗೆ ಬೆನ್ನು ಹಾಕಿ, ಬೇರೆಯವರಿಗೆ ಕಾಣದಂತೆ ಅಡ್ಡ ಕುಳಿತಿದ್ದಳು.

“ಅವತ್ತು ನೀವು ಒಂದು ಸಲವೂ ತಿರುಗಿ ನೋಡಲಿಲ್ಲ,” ಎಂದಳು ಯದುಗಿರಿ. “ನಾನು ಎಂಟು ಹಣ್ಣು ತಿಂದೆ.”

ಇಬ್ಬರೂ ನಕ್ಕರು. ನಗುವಾಗ ಬಸಮ್ಮನಿಗೆ ಕಣ್ಣು ಕತ್ತಲೆ ಬಂದಂತಾಯಿತು. ಯದುಗಿರಿ ಅವಳನ್ನು ತೋಳು ಹಿಡಿದು ನಡೆಸಿಕೊಂಡು ಹೊರಗೆ ಬಂದಳು. ಗೋಪುರದಿಂದಾಚೆ ಮರದ ನೆರಳಲ್ಲಿ ಉಳಿದವರು ಊಟಕ್ಕೆ ಚಾಪೆ ಹಾಸುತ್ತಿದ್ದರು. ಯದುಗಿರಿ ಗಡಿಯಾರ ನೋಡಿದಳು, ಪೊಟ್ಟಣ ಬಿಚ್ಚಿದಳು, ರಸ್ತೆಯ ಕಡೆ ನೋಡಿದಳು.

ರಸ್ತೆಯಲ್ಲಿ ಮೇಘಶ್ರೀ ಬರುತ್ತಿದ್ದಳು.

ಒದ್ದೆ ಕೂದಲನ್ನು ಗಂಟು ಕಟ್ಟಿದ್ದಳು. ಎಡಗೈಯನ್ನು ಎದೆಯ ಮಟ್ಟಕ್ಕೆ ಹಿಡಿದಿದ್ದಳು, ಅಂಗೈಯಲ್ಲಿ ಬಿಳಿಯ ವಸ್ತ್ರದ ಪುಟ್ಟ ಗಂಟು. ಕಾಲಲ್ಲಿ ಚಪ್ಪಲಿ ಇರಲಿಲ್ಲ.

“ಸ್ನಾನ ಮಾಡಿ ಎತ್ಕೊಂಡೆ ಅತ್ತೆ,” ಎಂದಳು. “ಎಲ್ಲೂ ಕೆಳಗಿಟ್ಟಿಲ್ಲ. ಬಸ್ಸಲ್ಲಿ ಕಂಡಕ್ಟರು ಫ್ರೀ ಟಿಕೆಟ್ಟಿಗೆ ಆಧಾರ್ ಕಾರ್ಡ್ ಕೇಳಿದ್ರು, ಕೈ ಖಾಲಿ ಇಲ್ಲ ಅಂದೆ. ಅವರೇ ಪರ್ಸಿಂದ ತೆಗೆದು ನೋಡಿ, ವಾಪಸ್ ಇಟ್ಟು, ಸೀಟು ಬಿಡಿಸಿ ಕೊಟ್ರು.”

ಬಸಮ್ಮ ಎರಡೂ ಕೈ ಒಡ್ಡಿದಳು. ಮೇಘಶ್ರೀ ಕೊಡಲು ಹೋದಳು, ಆದರೆ ಮೂರು ಗಂಟೆ ಹಾಗೇ ಹಿಡಿದಿದ್ದ ಬೆರಳುಗಳು ಮರಗಟ್ಟಿದ್ದವು, ಬಿಚ್ಚಲಿಲ್ಲ. ಬಸಮ್ಮ ಒಂದೊಂದೇ ಬೆರಳನ್ನು ತಾನೇ ಬಿಡಿಸಿದಳು. ಬಿಡಿಸುವಾಗ ಅವಳ ಕಣ್ಣಿಂದ ನೀರು ಇಳಿಯಿತು, ಒರೆಸಿಕೊಳ್ಳಲು ಅವಳಿಗೂ ಕೈ ಖಾಲಿ ಇರಲಿಲ್ಲ.

ಈಗ ಎಲ್ಲರಿಗೂ ಗೊತ್ತಾಯಿತು. ಯಾರೂ ಒಂದು ಪ್ರಶ್ನೆ ಕೇಳಲಿಲ್ಲ. ಒಬ್ಬಾಕೆ ಚೊಂಬಿನಲ್ಲಿ ನೀರು ತಂದಳು. ದ್ಯಾವಮ್ಮ ಬುಟ್ಟಿಯಿಂದ ಒಂದು ಮೊಳ ಸೇವಂತಿಗೆ ತೆಗೆದಳು. “ಕೇಶವನಿಗೆ ಅಂತ ತಂದಿದ್ದೆ ಕಣವ್ವ. ಅರ್ಧ ಅವನಿಗೆ ಕೊಟ್ಟೆ, ಅರ್ಧ ಉಳದೈತೆ.” ಬಸಮ್ಮ ವಿಭೂತಿ ಹಚ್ಚಿಕೊಂಡು ಚಾಪೆಯ ಮೇಲೆ ಕುಳಿತಾಗ, ಯದುಗಿರಿ ಎದ್ದು ಅವಳಿಗೆ ಬೆನ್ನು ಹಾಕಿ ನಿಂತಳು. ಅದನ್ನು ನೋಡಿ ಉಳಿದವರೂ ಒಬ್ಬೊಬ್ಬರಾಗಿ ಬಂದು ಸುತ್ತ ನಿಂತರು. ಮೇಘಶ್ರೀಯದೂ ಸೇರಿ ಹನ್ನೆರಡು ಬೆನ್ನುಗಳ ನಡುವೆ ಬಸಮ್ಮ ಅಂಗೈಯ ಲಿಂಗಕ್ಕೆ ನೀರೆರೆದು, ಹೂವಿಟ್ಟು, ಪೂಜೆ ಮಾಡಿದಳು. ಒಬ್ಬರೂ ತಿರುಗಿ ನೋಡಲಿಲ್ಲ.

ಪೂಜೆಯಾದ ಮೇಲೆ ಯದುಗಿರಿ ಆ ಸಕ್ಕರೆಯನ್ನು ಅವಳ ಬಾಯಿಗೆ ಹಾಕಿಯೇ ಬಿಟ್ಟಳು. ಮೊಸರನ್ನದ ನಾಲ್ಕು ತುತ್ತು ಇಳಿದು ಕೈ ನಡುಕ ನಿಂತ ಮೇಲೆ ಬಸಮ್ಮ ಸೊಸೆಯ ಕಡೆ ತಿರುಗಿದಳು.

“ನೀನು ತಿಂಡಿ ತಿಂದಿದ್ಯೇನೇ?”

“ಹೇಗೆ ತಿನ್ನಲಿ ಅತ್ತೆ? ಯದುಗಿರಮ್ಮನ ಫೋನು ಬಂದಾಗಿನ್ನೂ ಹಲ್ಲುಜ್ಜುತ್ತಿದ್ದೆ.”

“ನೀರು ಕೊಡು ಮೊದಲು ನನಗೆ. ನಿನ್ನ ಕೈಯಾರ ಕೊಡು.”

ಮೇಘಶ್ರೀ ಅತ್ತೆಯ ಮುಖವನ್ನೇ ಒಂದು ಕ್ಷಣ ನೋಡಿದಳು. ಆಮೇಲೆ ಚೊಂಬಿನಿಂದ ಲೋಟಕ್ಕೆ ನೀರು ಬಗ್ಗಿಸಿ ಕೊಟ್ಟಳು. ಬಸಮ್ಮ ಎಲ್ಲರೆದುರಿಗೆ ಪೂರ್ತಿ ಕುಡಿದಳು.

“ಅವತ್ತು ಆ ಮಾತು ಅನ್ನಬಾರದಾಗಿತ್ತು ಕಣೇ, ತಪ್ಪು ನಂದು,” ಎಂದಳು.

ಮೇಘಶ್ರೀ ಅತ್ತೆಯ ತಟ್ಟೆಯಿಂದಲೇ ಒಂದು ತುತ್ತು ತೆಗೆದು ಬಾಯಿಗಿಟ್ಟುಕೊಂಡಳು.

ಊಟ ಮುಗಿದ ಮೇಲೆ ದ್ಯಾವಮ್ಮ ಇನ್ನೊಂದು ಸಲ ಒಳಗೆ ಹೋಗಿ ಬರೋಣವೆಂದಳು. ಅವಳಿಗೆ ನೋಡಿದ್ದು ಸಾಲದಾಗಿತ್ತು. “ನೀನೂ ಬಾ,” ಎಂದು ಬಸಮ್ಮ ಸೊಸೆಗೆ ಹೇಳಿದಳು. “ಒಲೆ ಹಚ್ಚದವಳೊಬ್ಬಳು ಅವಳೆ ಅಲ್ಲಿ, ತೋರಿಸ್ತೀನಿ.” ಮೇಘಶ್ರೀ ಎದ್ದು ನಿಂತಳು, ಹೆಜ್ಜೆ ಇಡುವಾಗ ಮುಖ ಕಿವುಚಿದಳು. ಬಸ್ ಸ್ಟ್ಯಾಂಡಿನಿಂದ ಟಾರು ರಸ್ತೆಯಲ್ಲಿ ಬರಿಗಾಲಲ್ಲಿ ನಡೆದು ಪಾದಗಳು ಕೆಂಪಾಗಿದ್ದವು.

ಬಸಮ್ಮ ಗಂಟನ್ನು ಎಳೆದುಕೊಂಡು ತಳಕ್ಕೆ ಕೈ ಹಾಕಿದಳು. ಕಂದು ಬಣ್ಣದ ಉಣ್ಣೆಯ ಜೊತೆ ಹೊರಗೆ ಬಂತು.

“ಕುತ್ಕೋ,” ಎಂದಳು ಬಸಮ್ಮ. “ಕಾಲು ಕೊಡು ಇಲ್ಲಿ.”

“ಅತ್ತೆ, ನಾನೇ ಹಾಕ್ಕೋತೀನಿ.”

“ನಿನ್ನ ಬೆರಳು ಇನ್ನೂ ಸೆಟಕೊಂಡವೆ. ಸುಮ್ಮನೆ ಕೊಡು.”

ಬಸಮ್ಮ ಸೊಸೆಯ ಪಾದವನ್ನು ತೊಡೆಯ ಮೇಲಿಟ್ಟುಕೊಂಡು, ಧೂಳನ್ನು ಸೆರಗಿನಿಂದ ಒರೆಸಿ, ತನ್ನ ಅತ್ತೆಯ ಕಾಲುಚೀಲವನ್ನು ಹಿಮ್ಮಡಿಯ ತನಕ ನಿಧಾನವಾಗಿ ಎಳೆದಳು. ಅದು ಅಳತೆ ತೆಗೆದು ಹೆಣೆದಂತೆ ಕೂತಿತು.