ಮೈಕಕ್ಕನ ಹನ್ನೆರಡನೆಯ ಹಾಡು

ನಮ್ಮ ಅತ್ತಿಗೆಗೆ ಬೀದಿಯವರು ಇಟ್ಟ ಹೆಸರು ಮೈಕಕ್ಕ. ಮಹಡಿಯ ಮೇಲೆ ನಿಂತು ಅಣ್ಣನನ್ನು ಊಟಕ್ಕೆ ಕರೆದರೆ ತಿರುವಿನಾಚೆಯ ಮನೆಯ ಗಂಡಸರೂ ಕೈ ತೊಳೆದುಕೊಂಡು ಕೂರುತ್ತಾರೆ ಎಂದು ತಮಾಷೆ ಮಾಡುತ್ತಿದ್ದರು. ಇಪ್ಪತ್ತೆರಡು ವರ್ಷ ಒಂದೇ ಆರ್ಕೆಸ್ಟ್ರಾ ತಂಡದಲ್ಲಿ ಹಾಡಿದವರು. ಹೋದ ವರ್ಷ ಗಂಟಲಿನಲ್ಲಿ ಗಂಟಾಯಿತು, ಡಾಕ್ಟರು ತೆಗೆದರು, ಗಂಟಿನ ಜೊತೆ ದನಿಯೂ ಹೋಯಿತು. ಈಗ ಎಷ್ಟು ಗಟ್ಟಿಯಾಗಿ ಮಾತಾಡಿದರೂ ಅದು ಪಿಸುಮಾತೇ. ಹೆಸರು ಮಾತ್ರ ಮೈಕಕ್ಕ ಎಂದೇ ಉಳಿದಿದೆ, ಬೀದಿಯವರಿಗೆ ರೂಢಿ ಅಷ್ಟು ಬೇಗ ತಪ್ಪುವುದಿಲ್ಲ.

ಎರಡು ತಿಂಗಳ ಹಿಂದೆ ತಂಡದ ಯಜಮಾನರು ಮನೆಗೆ ಬಂದರು. ಹಾಡಲು ಹೊಸ ಹುಡುಗಿ ಸಿಕ್ಕಿದ್ದಾಳೆ, ಆದರೆ ವಾದ್ಯದವರು ಒಬ್ಬೊಬ್ಬರಾಗಿ ಬಿಟ್ಟುಹೋಗಿದ್ದಾರೆ, ಹಾಗಾಗಿ ಹಳೆಯ ಧ್ವನಿಮುದ್ರಣಗಳಿಂದ ಅತ್ತಿಗೆಯ ದನಿಯನ್ನು ತೆಗೆದು ಬರೀ ವಾದ್ಯ ಉಳಿಸಿಕೊಡಬೇಕು ಎಂದರು. ಒಟ್ಟು ಹನ್ನೆರಡು ಹಾಡು. ಚೆನ್ನಾಗಿ ಬಂದರೆ ಇನ್ನು ಮುಂದೆ ವೇದಿಕೆಯ ಪಕ್ಕದಲ್ಲಿ ಸೌಂಡ್ ಮಿಕ್ಸರ್ ಮುಂದೆ ಕೂರುವ ಕೆಲಸ ಅತ್ತಿಗೆಗೇ ಎಂದು ಮಾತು ಕೊಟ್ಟರು. ನನಗೆ ಮೈಯೆಲ್ಲ ಉರಿಯಿತು. ಇವರ ದನಿಯನ್ನು ಇವರ ಕೈಯಿಂದಲೇ ಅಳಿಸಲು ಹೇಳುವುದಕ್ಕೆ ಎಂಥ ಎದೆ ಬೇಕು! ಅತ್ತಿಗೆ ಮಾತ್ರ ಆಗಲೆಂದು ತಲೆಯಾಡಿಸಿಬಿಟ್ಟರು. ವರ್ಷವಿಡೀ ಗೋಡೆ ನೋಡಿಕೊಂಡು ಕೂತವರಿಗೆ ಮತ್ತೆ ವೇದಿಕೆಯ ಹತ್ತಿರ ಹೋಗುವುದೊಂದೇ ಬೇಕಿತ್ತು.

ನಾನು ಕೆಲಸ ಮಾಡುವುದು ಜೆರಾಕ್ಸ್ ಅಂಗಡಿಯಲ್ಲಿ. ಮಧ್ಯಾಹ್ನ ಗಿರಾಕಿಗಳು ಕಡಿಮೆ, ಅತ್ತಿಗೆ ಆ ಹೊತ್ತಿಗೆ ಅಲ್ಲಿಗೇ ಬರುತ್ತಿದ್ದರು. ಅಂಗಡಿಯ ಕಂಪ್ಯೂಟರಿಗೆ ಪುಕ್ಕಟೆ ಸಿಗುವ ಒಂದು ಸಾಫ್ಟ್‌ವೇರ್ ಇಳಿಸಿಕೊಂಡೆ. ಅದರ ಉಪಾಯ ಸರಳ. ಪರದೆಯ ಮೇಲೆ ಹಾಡು ಎರಡು ಪಟ್ಟಿಗಳಾಗಿ ಕಾಣುತ್ತದೆ, ಎಡಗಿವಿಯದೊಂದು, ಬಲಗಿವಿಯದೊಂದು. ವಾದ್ಯಗಳು ಆಚೀಚೆ ಹಂಚಿಹೋಗಿರುತ್ತವೆ, ಹಾಡುವವರ ದನಿ ಎರಡರಲ್ಲೂ ಸಮನಾಗಿರುತ್ತದೆ. ಒಂದು ಪಟ್ಟಿಯನ್ನು ತಲೆಕೆಳಗು ಮಾಡಿ ಇನ್ನೊಂದಕ್ಕೆ ಕೂಡಿಸಿದರೆ ಸಮನಾಗಿರುವುದೆಲ್ಲ ಒಂದನ್ನೊಂದು ಹೊಡೆದುಹಾಕಿಕೊಂಡು ಮಾಯವಾಗುತ್ತದೆ.

ಪೂರ್ತಿ ಮಾಯವಾಗುವುದಿಲ್ಲ ಎನ್ನಿ. ದನಿಯ ಪ್ರತಿಧ್ವನಿ ಅಲ್ಲಲ್ಲಿ ಅಂಟಿಕೊಂಡಿರುತ್ತದೆ. ನನ್ನ ಕಿವಿಗೆ ಅದು ಸಿಗುತ್ತಲೇ ಇರಲಿಲ್ಲ. ಅತ್ತಿಗೆ ಹೆಡ್‌ಫೋನ್ ಹಾಕಿ, ಕಣ್ಣು ಮುಚ್ಚಿ ಕೂತು, ಥಟ್ಟನೆ ಬೆರಳೆತ್ತುತ್ತಿದ್ದರು.

"ಇಲ್ಲಿ ಇನ್ನೂ ಇದ್ದೀನಿ. ತೆಗಿ."

ನಾನು ಅಷ್ಟು ಜಾಗ ಗುರುತು ಹಾಕಿ ಇನ್ನಷ್ಟು ತಗ್ಗಿಸುತ್ತಿದ್ದೆ. ಹೀಗೆ ದಿನಕ್ಕೆ ಇಪ್ಪತ್ತು ಸಲ "ಇದ್ದೀನಿ, ತೆಗಿ" ಎನ್ನುವುದನ್ನು ಕೇಳಿ ಕೇಳಿ ಸಾಕು ಬಿಡಿ ಅತ್ತಿಗೆ ಎನ್ನುತ್ತಿದ್ದೆ. ಸುಮ್ನೆ ಕೆಲಸ ನೋಡು ಎಂದು ಗದರುತ್ತಿದ್ದರು. ಐದು ವಾರದಲ್ಲಿ ಹನ್ನೊಂದು ಹಾಡು ಮುಗಿದವು.

ಹನ್ನೆರಡನೆಯದು ತಂಡದ ಸ್ವಂತ ಹಾಡು, ಪ್ರತಿ ಕಾರ್ಯಕ್ರಮವೂ ಶುರುವಾಗುತ್ತಿದ್ದದ್ದು ಅದರಿಂದಲೇ. ಅತ್ತಿಗೆ ತಂಡಕ್ಕೆ ಸೇರಿದ ವರ್ಷ ಒಂದು ಖಾಲಿ ಗೋದಾಮಿನಲ್ಲಿ ಒಂದೇ ಮೈಕಿನ ಸುತ್ತ ಎಲ್ಲರೂ ನಿಂತು ಕ್ಯಾಸೆಟ್ಟಿಗೆ ಹಿಡಿದದ್ದು. ಆ ಕ್ಯಾಸೆಟ್ ಹರಿದುಹೋಗಿದೆ, ತಾವು ಕೊಟ್ಟ ಪೆನ್‌ಡ್ರೈವಿನಲ್ಲಿ ಇರುವುದೊಂದೇ ಪ್ರತಿ, ಹುಷಾರು ಎಂದು ಯಜಮಾನರು ಮೊದಲೇ ಎಚ್ಚರಿಸಿದ್ದರು.

ಆ ದಿನ ಅರ್ಜಿ ನಮೂನೆ ಹಿಡಿದ ಗಿರಾಕಿಯೊಬ್ಬ ತಲೆ ತಿನ್ನುತ್ತಿದ್ದ. ಕೈ ಪಳಗಿದೆ ಎಂಬ ಕೊಬ್ಬು ಬೇರೆ ನನಗೆ. ಪಟ್ಟಿ ತಿರುಗಿಸಿದೆ, ಕೂಡಿಸಿದೆ, ಅದೇ ಹೆಸರಿನಲ್ಲಿ ಉಳಿಸಿದೆ. ಹಳೆಯದರ ಮೇಲೆಯೇ ಬರೆಯಲೇ ಎಂದು ಕಂಪ್ಯೂಟರ್ ಕೇಳಿತು. ಹೂಂ ಎಂದು ಒತ್ತಿ, ಸಾಫ್ಟ್‌ವೇರ್ ಮುಚ್ಚಿ, ಗಿರಾಕಿಯನ್ನು ಸಾಗಹಾಕಿ ಬಂದು ಹಾಡು ಹಾಕಿದರೆ ಏನೂ ಕೇಳಿಸಲಿಲ್ಲ. ಪರದೆಯ ಮೇಲೆ ಅಂಚಿನಿಂದ ಅಂಚಿಗೆ ಬರೀ ನೇರ ಗೆರೆ. ಒಂದೇ ಮೈಕಿನಲ್ಲಿ ಹಿಡಿದ ಹಾಡಿನಲ್ಲಿ ಎಡ ಬಲ ಎಂಬ ಭೇದವೇ ಇರುವುದಿಲ್ಲ, ದನಿಯ ಜೊತೆ ವಾದ್ಯಗಳೂ ಸಮನಾಗಿ ಬಿದ್ದಿರುತ್ತವೆ ಎಂದು ನನಗೆ ಆಗ ಹೊಳೆಯಿತು. ಹನ್ನೊಂದು ಹಾಡಿಗೂ ನಕಲು ಇಟ್ಟುಕೊಂಡೇ ಕೈ ಹಾಕಿದ್ದೆ. ಬೆಳಗಿನಿಂದ ಸಂಜೆಯವರೆಗೆ ಊರಿನ ಕಾಗದಕ್ಕೆಲ್ಲ ನಕಲು ತೆಗೆಯುವ ನಾನು ಈ ಒಂದಕ್ಕೆ ಇಟ್ಟುಕೊಂಡಿರಲಿಲ್ಲ.

ಅತ್ತಿಗೆ ಆ ಗೆರೆ ನೋಡಿ, ಹೆಡ್‌ಫೋನಿನ ತಂತಿ ಸುತ್ತಿಟ್ಟು ಮನೆಗೆ ಹೊರಟರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಬೆಳಿಗ್ಗೆ ತಂಡದ ಯಜಮಾನರು ಹಾಡುಗಳನ್ನು ಒಯ್ಯಲು ಅಂಗಡಿಗೇ ಬಂದರು, ಅತ್ತಿಗೆಯೂ ಬಂದಿದ್ದರು. ತಪ್ಪು ಒಪ್ಪಿಕೊಳ್ಳಬೇಕೆಂದು ಎಷ್ಟು ಸಲ ಅಂದುಕೊಂಡಿದ್ದೆನೋ. ಆದರೆ ಅಂಗಡಿಯ ಮಾಲೀಕರು ಅಲ್ಲೇ ಲ್ಯಾಮಿನೇಷನ್ ಮಾಡುತ್ತ ನಿಂತಿದ್ದರು. ಕೆಲಸ ಹೋದೀತೆಂಬ ಹೆದರಿಕೆಗೆ ನನ್ನ ಬಾಯಿ ಹೊಲಿದಂತಾಯಿತು.

"ನನ್ನ ಕೈಯಿಂದ ಅಳಿಸಿಹೋಯ್ತು," ಎಂದರು ಅತ್ತಿಗೆ.

ಯಜಮಾನರು ಅವರ ಕಡೆ ತಿರುಗಿದರು.

"ಆ ಹುಡುಗಿ ಹಾಡಬಾರದು ಅನ್ನೋ ಹೊಟ್ಟೆಕಿಚ್ಚಾ?"

ಅತ್ತಿಗೆ ಇಲ್ಲವೆನ್ನಲಿಲ್ಲ. ಯಜಮಾನರು ಹನ್ನೊಂದು ಹಾಡುಗಳನ್ನು ಮೊಬೈಲಿಗೆ ಹಾಕಿಸಿಕೊಂಡರು, ಪೆನ್‌ಡ್ರೈವ್ ಇನ್ನೇಕೆ ಎಂದು ಮೇಜಿನ ಮೇಲೇ ಬಿಟ್ಟರು. ಹೊರಡುವಾಗ, ಮಿಕ್ಸರಿಗೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ ಎಂದರು. ಇಪ್ಪತ್ತೆರಡು ವರ್ಷದ ಒಡನಾಟ ಅಷ್ಟಕ್ಕೆ ಮುಗಿಯಿತು. ನಾನು ಆಗಲೂ ತುಟಿ ಬಿಚ್ಚಲಿಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಿಂದ ಮುಖ ಬಿಸಿಯಾಗುತ್ತಿದೆ.

ಮಾಲೀಕರು ಊಟಕ್ಕೆ ಹೋದಮೇಲೆ, ಯಾಕೆ ಸುಳ್ಳು ಹೇಳಿದಿರಿ ಎಂದು ಕೇಳಿದೆ.

"ಸುಳ್ಳೇನು ಬಂತು? ತೆಗಿ ತೆಗಿ ಅಂತ ಹೇಳ್ತಿದ್ದವಳು ನಾನೇ ಅಲ್ವಾ." ಆಮೇಲೆ ಹೆಡ್‌ಫೋನ್ ಹಾಕಿಕೊಂಡರು. "ಅದನ್ನ ಹಾಕು."

"ಅದರಲ್ಲಿ ಏನಿದೆ ಅತ್ತಿಗೆ?"

"ಹಾಕೇ."

ಹಾಕಿದೆ. ನೇರ ಗೆರೆಯ ಮೇಲೆ ಸಣ್ಣ ಕಡ್ಡಿಯೊಂದು ಎಡದಿಂದ ಬಲಕ್ಕೆ ಸರಿಯತೊಡಗಿತು. ಅತ್ತಿಗೆ ಪರದೆಗೆ ಬೆನ್ನು ಹಾಕಿ ಕೂತಿದ್ದರು. ಕಣ್ಣು ಮುಚ್ಚಿತ್ತು, ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಒಂದೆರಡು ಕಡೆ ತುಟಿ ಬಿಗಿದು ಕಾದರು, ಅಲ್ಲಿ ಬರೀ ವಾದ್ಯವಿರಬೇಕು. ಒಂದು ಕಡೆ ಗದ್ದ ಮೇಲಕ್ಕೆದ್ದು, ಕತ್ತಿನ ಹೊಲಿಗೆಯ ಗುರುತು ಬಿಗಿದುಕೊಂಡಿತು. ಕೊನೆಗೆ ಮೂರು ಸಲ ತಟ್ಟಿ ಅಂಗೈಯನ್ನು ತೊಡೆಯ ಮೇಲೆ ಮಲಗಿಸಿದರು. ನಾನು ಪರದೆಯ ಕಡೆ ತಿರುಗಿದೆ. ಕಡ್ಡಿ ಆಗಷ್ಟೇ ಗೆರೆಯ ತುದಿಗೆ ಬಂದು ನಿಂತಿತ್ತು.

ಅತ್ತಿಗೆ ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು.

"ಎರಡನೇ ಚರಣದಲ್ಲಿ ಕೊಳಲಿನವನು ಯಾವಾಗಲೂ ಸ್ವಲ್ಪ ಮುಂದೆ ಓಡ್ತಾನೆ," ಎಂದರು.