ಖಾಲಿ ಕೇಜು

ಬಂಗಾರಪೇಟೆಯ ನಮ್ಮ ಹೈಸ್ಕೂಲಿನಲ್ಲಿ ವಾರಕ್ಕೆರಡು ದಿನ ಕ್ರಾಫ್ಟ್ ಪಿರಿಯಡ್ ಇರುತ್ತಿತ್ತು. ಹುಡುಗರು ವರ್ಕ್‌ಶಾಪಿಗೆ ಹೋಗಿ ಗರಗಸ, ಉಳಿ ಹಿಡಿಯುತ್ತಿದ್ದರು. ನಾವು ಹುಡುಗಿಯರು ಹೊಲಿಗೆ ಕೋಣೆಯಲ್ಲಿ ಕೂತು ಕರವಸ್ತ್ರದ ಮೇಲೆ ಗುಲಾಬಿ ಹಾಕುತ್ತಿದ್ದೆವು. ನಾನು ಹಾಕಿದ ಗುಲಾಬಿಯನ್ನು ಹೊಲಿಗೆ ಟೀಚರು ಹೂಕೋಸು ಅಂದುಕೊಂಡರು. ಅವರದೇನೂ ತಪ್ಪಿರಲಿಲ್ಲ.

ನನಗೆ ಬೇಕಾಗಿದ್ದದ್ದು ವರ್ಕ್‌ಶಾಪು. ಹೆಡ್ ಮೇಷ್ಟರನ್ನು ಕೇಳಿದರೆ, ‘ಹತಾರ ಹಿಡಿದು ಅಭ್ಯಾಸವಿಲ್ಲ, ಬೆರಳು ಕತ್ತರಿಸಿಕೊಳ್ಳುತ್ತೀಯ’ ಅಂದರು. ಒಳಗೇ ಬಿಡದಿದ್ದರೆ ಅಭ್ಯಾಸವಾಗುವುದು ಹೇಗೆ? ಹುಚ್ಚು ಬಿಡದೆ ಮದುವೆಯಾಗಲ್ಲ, ಮದುವೆಯಾಗದೆ ಹುಚ್ಚು ಬಿಡಲ್ಲ ಅನ್ನುವ ಹಾಗಾಯಿತು ನನ್ನ ಕಥೆ. ಕ್ರಾಫ್ಟ್ ಮೇಷ್ಟರಿಗೆ ಮಾತ್ರ ನನ್ನ ಹಟ ಹಿಡಿಸಿತು. ಶಾಲೆಯ ವಸ್ತುಪ್ರದರ್ಶನದಲ್ಲಿ, ಸ್ಕೂಲ್ ಇನ್ಸ್‌ಪೆಕ್ಟರ ಎದುರು ಕೆಲಸ ಮಾಡುವಂಥ ಒಂದು ಮಾದರಿ ತೋರಿಸಿದರೆ ನನ್ನನ್ನು ಸೇರಿಸಿಕೊಳ್ಳಬೇಕೆಂದು ಹೆಡ್ ಮೇಷ್ಟರನ್ನು ಒಪ್ಪಿಸಿದರು.

ನಾನು ಚಿನ್ನದ ಗಣಿಯೊಳಕ್ಕೆ ಜನರನ್ನು ಇಳಿಸಿ ಏರಿಸುವ ಕೇಜಿನ ಮಾದರಿ ಮಾಡಲು ಹೊರಟೆ. ಅಪ್ಪ ದಿನಾ ರೈಲಿನಲ್ಲಿ ಊರಿಗಾಂಗೆ ಹೋಗಿ, ಗಣಿಯ ಬಾಯಲ್ಲಿ ನಿಂತು, ಆಳುಗಳನ್ನು ಕೇಜಿಗೆ ಹತ್ತಿಸಿ ಕೆಳಗೆ ಕಳಿಸುವ ಕೆಲಸ ಮಾಡುತ್ತಿದ್ದ. ಕೇಜಿನ ಹಗ್ಗಕ್ಕೆ ಕೈಹಾಕಿ ರಿಪೇರಿ ಮಾಡಿದರೆ ಮೊದಲ ಸಲ ಅದು ಖಾಲಿಯೇ ಇಳಿದು ಏರಬೇಕು, ಜನ ಹತ್ತುವುದು ಆಮೇಲೆ. ಈ ಕಟ್ಟಳೆ ಅಪ್ಪನಿಗೆ ಎಷ್ಟು ಅಂಟಿತ್ತೆಂದರೆ, ಮನೆಯ ಬಾವಿಗೆ ಹೊಸ ಹಗ್ಗ ಹಾಕಿದ ದಿನವೂ ಕೊಡವನ್ನು ನೀರಿಗೆ ಮುಟ್ಟಿಸದೆ ಒಂದು ಸಲ ಇಳಿಸಿ ಮೇಲೆಳೆಯುತ್ತಿದ್ದ. ‘ನೀರು ಮುಟ್ದೆ ಬಂದ ಕೊಡ ಇಟ್ಕೊಂಡು ಏನ್ ಬೇಯಿಸ್ಲಿ ನಾನು?’ ಎಂದು ಅಮ್ಮ ಬೈಯುತ್ತಿದ್ದಳು.

ಹಲಗೆಗಳನ್ನು ನಿಲ್ಲಿಸಿ ಗಣಿಯ ಬಾವಿ ಮಾಡಿದೆ. ಟೀ ಪುಡಿಯ ಡಬ್ಬಿ ಕೇಜಾಯಿತು, ದಾರ ಮುಗಿದ ರೀಲು ರಾಟೆಯಾಯಿತು. ಕಸೂತಿ ದಾರಕ್ಕೆ ಮೇಣ ತಿಕ್ಕಿ ಹಗ್ಗ ಮಾಡಿಕೊಂಡೆ. ಹಿಡಿ ತಿರುಗಿಸಿದರೆ ಡಬ್ಬಿ ಸರಾಗವಾಗಿ ಇಳಿದು ಏರುತ್ತಿತ್ತು.

ಪ್ರದರ್ಶನದ ದಿನ ಶಾಲೆಗೆ ಹೊತ್ತು ತರುವಾಗ ದಾರ ಸಿಕ್ಕಾಯಿತು. ರೀಲನ್ನು ಕಳಚಿ, ಸಿಕ್ಕು ಬಿಡಿಸಿ, ಮತ್ತೆ ಮೊಳೆ ಹೊಡೆದು ಕೂರಿಸುವಷ್ಟರಲ್ಲಿ ಇನ್ಸ್‌ಪೆಕ್ಟರು ಬಂದೇಬಿಟ್ಟರು. ಜೊತೆಗೆ ಹೆಡ್ ಮೇಷ್ಟರು. ಬೆಳಗಿನ ಪಾಳಿ ಮುಗಿಸಿ ನೇರವಾಗಿ ಬಂದಿದ್ದ ಅಪ್ಪ ಬಾಗಿಲ ಹತ್ತಿರ ನಿಂತಿದ್ದ.

ಇನ್ಸ್‌ಪೆಕ್ಟರು ನಗುತ್ತಾ ಕೈಗಡಿಯಾರ ಬಿಚ್ಚಿ ನನ್ನ ಮುಂದೆ ಹಿಡಿದರು. ‘ನಿನ್ನ ಕೇಜಿನಲ್ಲಿ ಇದೊಂದು ಸಲ ಪಾತಾಳ ನೋಡಿಕೊಂಡು ಬರಲಿ.’

‘ಈಗ್ಲೇ ಬ್ಯಾಡಿ ಸಾರ್,’ ಅಂದೆ. ‘ದಾರ ಈಗ್ತಾನೆ ಬಿಚ್ಚಿ ಕಟ್ಟಿದೀನಿ. ಮೊದ್ಲು ಖಾಲಿ ಕೇಜು ಓಗ್ಬರ್ಬೇಕು.’

‘ಸಾಹೇಬರು ಹೇಳಿದಷ್ಟು ಮಾಡು,’ ಎಂದು ಹೆಡ್ ಮೇಷ್ಟರು ಗದರಿದರು. ಆದರೂ ನಾನು ಗಡಿಯಾರ ಮುಟ್ಟಲಿಲ್ಲ, ಖಾಲಿ ಡಬ್ಬಿಯನ್ನೇ ಇಳಿಸಿದೆ.

ಅರ್ಧ ದಾರಿಯಲ್ಲಿ ದಾರ ಕಿತ್ತುಹೋಗಿ ಡಬ್ಬಿ ಢಣ್ಣನೆ ತಳಕ್ಕೆ ಬಿತ್ತು. ಹುಡುಗರೆಲ್ಲ ಗೊಳ್ಳೆಂದು ನಕ್ಕರು. ವರ್ಕ್‌ಶಾಪು ಕೈತಪ್ಪಿತು ಅಂದುಕೊಂಡೆ. ಅಳುವುದಕ್ಕಿಂತ ಡಬ್ಬಿಯನ್ನು ಒದೆಯಬೇಕೆನ್ನಿಸಿತು.

ಇನ್ಸ್‌ಪೆಕ್ಟರು ಮಾತ್ರ ನಗಲಿಲ್ಲ. ಬಿದ್ದ ಡಬ್ಬಿಯನ್ನೊಮ್ಮೆ, ಅಂಗೈಯ ಗಡಿಯಾರವನ್ನೊಮ್ಮೆ ನೋಡಿ, ಗಡಿಯಾರವನ್ನು ಮತ್ತೆ ಕಟ್ಟಿಕೊಂಡರು. ‘ಯಾಕೆ ಕಿತ್ತುಹೋಯಿತು?’ ಎಂದು ಕೇಳಿದರು.

ರೀಲಿನ ಮೇಲೆ ಬೆರಳಾಡಿಸಿದೆ. ಚುಚ್ಚಿತು. ‘ಮೊಳೆ ತುದಿ ಎದ್ದೈತೆ ಸಾರ್, ಅದು ದಾರ ಕೊಯ್ದೈತೆ. ಅರದಲ್ಲಿ ಉಜ್ಜಿದ್ರೆ ಸರಿಯೋಗ್ತಿತ್ತು. ಒಲಿಗೆ ಕೋಣೇಲಿ ಅರ ಇಲ್ಲ.’

ಅವರು ಹೆಡ್ ಮೇಷ್ಟರ ಕಡೆ ತಿರುಗಿದರು. ‘ಈ ಶಾಲೆಯಲ್ಲಿ ಅರ ಎಲ್ಲಿದೆ?’

‘ವರ್ಕ್‌ಶಾಪಿನಲ್ಲಿ ಸಾರ್.’

‘ಹಾಗಾದರೆ ಇವಳನ್ನು ಅಲ್ಲಿಗೆ ಕಳಿಸಿ.’

ಮನೆಗೆ ಹೋಗುವಾಗ ನನ್ನ ಬಾಯಿಗೆ ಬಿಡುವೇ ಇರಲಿಲ್ಲ. ರೈಲ್ವೆ ಗೇಟಿನ ಹತ್ತಿರ ಅಪ್ಪ ನಿಂತು, ‘ಇಷ್ಟು ವರ್ಷ ಖಾಲಿ ಕೇಜು ಇಳ್ಸಿದೀನಿ ಕಣಮ್ಮ, ಒಂದ್ ದಿನಾನೂ ಅಗ್ಗ ಕಿತ್ತೋಗಿಲ್ಲ,’ ಅಂದ. ‘ಇದೆಲ್ಲಾ ಬರೀ ಶಾಸ್ತ್ರ ಅಂತ ಒಂದೊಂದ್ಸಲ ನಂಗೇ ಅನ್ನಿಸ್ತಿತ್ತು. ಅದು ಕಿತ್ತೋಗೋದನ್ನ ಕಣ್ಣಾರೆ ನೋಡಿದ್ದು ಇವತ್ತೇ.’

ಬೀದಿಯಲ್ಲಿ ಮಗಳ ಕೈ ಹಿಡಿದು ನಡೆಯುವ ಪೈಕಿಯಲ್ಲ ನಮ್ಮಪ್ಪ. ಆವತ್ತು ಹಿಡಿದವನು ಮನೆ ಬರುವ ತನಕ ಬಿಡಲಿಲ್ಲ.