ದೊಡ್ಡಮ್ಮ ಆರಿಸಿದ ದೋಣಿ

ಹೋದ ವಾರ ಹೊಸೂರಿನ ಬಾಗಲೂರು ರಸ್ತೆಯ ಸಿಗ್ನಲ್ಲಿನಲ್ಲಿ ನಿಂತಿದ್ದೆ. ಮುಂದೆ ಯಾರೋ ಜೋಪಾನವಾಗಿ ಉಳಿಸಿಕೊಂಡಿದ್ದ ಹಳೆಯ ಟೂ-ಸ್ಟ್ರೋಕ್ ಬೈಕು. ಹಸಿರು ದೀಪ ಬಿದ್ದದ್ದೇ ಅದು ನೀಲಿ ಹೊಗೆ ಬಿಟ್ಟು ಹೊರಟಿತು. ಪೆಟ್ರೋಲಿನಲ್ಲಿ ಆಯಿಲ್ ಬೆರೆತು ಉರಿದಾಗ ಬರುವ ಆ ಸಿಹಿ ಘಾಟು... ಹಿಂದಿನವರು ಹಾರನ್ ಹೊಡೆಯುತ್ತಿದ್ದರೂ ನಾನು ನಿಂತೇ ಇದ್ದೆ. ಸೀರೆ ಎತ್ತಿ ಕಟ್ಟಿ, ಮಂಡಿಯವರೆಗಿನ ನೀರಿನಲ್ಲಿ ನಿಂತು, ದೋಣಿಯ ಎಂಜಿನ್ನಿಗೆ ಕಿವಿಗೊಟ್ಟಿದ್ದ ನನ್ನ ದೊಡ್ಡಮ್ಮ ಕಣ್ಣ ಮುಂದೆ ಬಂದಿದ್ದರು.

ದೊಡ್ಡಮ್ಮ ಎಂದರೆ ನನ್ನ ತಾಯಿಯ ಅಕ್ಕ. ಗಡಿಯಾರದ ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರು. ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಎಳ್ಳಿಗಿಂತ ಸಣ್ಣ ತಿರುಪುಗಳನ್ನು ಚಿಮಟದಲ್ಲಿ ಹಿಡಿದು ಕೂರಿಸುವುದು ಅವರ ಕೆಲಸವಾಗಿತ್ತು. ಕೆಲಸ ಬಿಟ್ಟ ಮೇಲೂ ಆ ಭೂತಗನ್ನಡಿ ಕೈಚೀಲದಲ್ಲೇ ಇರುತ್ತಿತ್ತು. ಸಂತೆಯಲ್ಲಿ ಬದನೆಕಾಯಿಯ ಹುಳುಕು ನೋಡಲೂ ಅದನ್ನು ತೆಗೆಯುತ್ತಿದ್ದರು.

ಅವರಿಗೆ ಒಬ್ಬಳೇ ಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ಅಕ್ಕನ ಎರಡೂ ಕಾಲುಗಳು ಸ್ವಾಧೀನ ಕಳೆದುಕೊಂಡಿದ್ದವು. ಗಾಲಿಕುರ್ಚಿಯಲ್ಲಿ ಕೂತೇ ಬೀದಿಯ ಮಕ್ಕಳಿಗೆಲ್ಲ ಗಣಿತ ಹೇಳಿಕೊಡುತ್ತಿದ್ದಳು, ತಮಿಳಿನಲ್ಲಿ ಗದರಿ ಕನ್ನಡದಲ್ಲಿ ಸಮಾಧಾನ ಮಾಡುತ್ತಿದ್ದಳು. ನಮ್ಮದು ತಿರುಗಾಟದ ಹುಚ್ಚಿನ ಕುಟುಂಬ. ರಜೆ ಸಿಕ್ಕರೆ ವ್ಯಾನು ಮಾಡಿಕೊಂಡು ಹೊರಟೇಬಿಡುತ್ತಿದ್ದೆವು. ಆದರೆ ಹೋದಲ್ಲೆಲ್ಲ ಮೆಟ್ಟಿಲು. ಕೋಟೆಗೂ ಮೆಟ್ಟಿಲು, ಗುಡಿಗೂ ಮೆಟ್ಟಿಲು, ಜಲಪಾತಕ್ಕೆ ಇಳಿಯಲೂ ಮೆಟ್ಟಿಲು. ನೀವು ಹೋಗಿಬನ್ನಿ, ಸಾಮಾನು ನಾನು ನೋಡಿಕೊಳ್ಳುತ್ತೇನೆ ಎಂದು ಅಕ್ಕ ವ್ಯಾನಿನಲ್ಲೇ ಉಳಿಯುತ್ತಿದ್ದಳು. ಅವಳು ಅದನ್ನು ಎಷ್ಟು ಸಲೀಸಾಗಿ ಹೇಳುತ್ತಿದ್ದಳೆಂದರೆ, ನಮಗೂ ಅದು ಅಭ್ಯಾಸವಾಗಿಬಿಟ್ಟಿತ್ತು...

ಒಂದು ಸಲ ಹೊರಗಿನ ಊರೊಂದರಲ್ಲಿ ದೋಣಿವಿಹಾರಕ್ಕೆ ಹೋದೆವು. ಇಲ್ಲಿ ಮೆಟ್ಟಿಲಿಲ್ಲವಲ್ಲ ಎಂದು ದೊಡ್ಡಮ್ಮ ಹುರುಪಿನಿಂದ ಅಕ್ಕನನ್ನೂ ಇಳಿಸಿದರು. ನಾನೂ ನನ್ನ ತಮ್ಮನೂ ಅವಳನ್ನು ಎತ್ತಿಕೊಂಡು ದೋಣಿಗೆ ಕಾಲಿಟ್ಟದ್ದೇ ತಡ, ಅದು ಒಂದು ಮಗ್ಗುಲಿಗೆ ವಾಲಿತು. ಯಾರೂ ಬೀಳಲಿಲ್ಲ. ಆದರೆ ಸಾಲಿನಲ್ಲಿ ನಿಂತವರೆಲ್ಲ ಅಕ್ಕನನ್ನೇ ನೋಡುತ್ತಿದ್ದರು. ಅವಳು ಮುಖ ತಗ್ಗಿಸಿ, ಸಾಕು, ಇಳಿಸಿ ಅಂದಳು.

ವಾಪಸು ಬರುವಾಗ ಕೃಷ್ಣಗಿರಿ ದಾಟಿದ ಮೇಲೆ ದೊಡ್ಡಮ್ಮ ಮುಂದಿನ ಸೀಟಿನಿಂದ ನನ್ನ ಕಡೆ ತಿರುಗಿದರು. "ನಾವೇ ಒಂದು ಬೋಟು ತಗೊಳ್ಳಣ ಕಣ್ಲಾ. ಹಳೇದಾದ್ರೂ ಆಯ್ತದೆ. ಅವಳಿಗೆ ಒಪ್ಪೋ ಅಂಥದ್ದು."

ವ್ಯಾನಿನಲ್ಲಿದ್ದವರೆಲ್ಲ ನಕ್ಕರು. ಸೋಫಾ, ಫ್ರಿಜ್ಜು ಸೆಕೆಂಡ್‌ಹ್ಯಾಂಡ್ ಕೊಂಡವರನ್ನು ಕಂಡಿದ್ದೆವು, ದೋಣಿ ಕೊಂಡವರನ್ನು ಯಾರು ಕಂಡಿದ್ದರು? ದೊಡ್ಡಮ್ಮ ನಗಲಿಲ್ಲ. ನಮ್ಮೂರ ಪಕ್ಕದ ದೊಡ್ಡ ಕೆರೆಯಲ್ಲಿ ದೋಣಿ ಇಳಿಸಲು ಒಪ್ಪಿಗೆ ಬೇಕೆಂದು ಗೊತ್ತಾದಾಗ, ತಾವೇ ತಮಿಳಿನಲ್ಲಿ ಅರ್ಜಿ ಬರೆದು, ಕಚೇರಿಗೆ ಓಡಾಡಿ ಕಾಗದ ತಂದರು. ಅದನ್ನು ನನ್ನ ಮುಂದೆ ಹಿಡಿದಾಗ ನನಗೆ ನಿಜವಾಗಿಯೂ ರೋಮಾಂಚನವಾಯಿತು. ನಾನು ಲಾರಿ ಕಾರ್ಖಾನೆಯಲ್ಲಿ ಎಂಜಿನ್ ಜೋಡಿಸುವವನು. ಹಾಗಾಗಿ ಮನೆಯವರ ಲೆಕ್ಕದಲ್ಲಿ ಪರಿಣತ. ಅವತ್ತಿನಿಂದ ಊಟದ ಬಿಡುವಿನಲ್ಲೆಲ್ಲ ಫೋನಿನಲ್ಲಿ ಹಳೆಯ ದೋಣಿಗಳ ಚಿತ್ರ ನೋಡುವುದೇ ನನಗೆ ಕೆಲಸವಾಯಿತು.

ಮೊದಲ ದೋಣಿ ಕೃಷ್ಣಗಿರಿಯ ಒಂದು ಮಾವಿನ ಮಂಡಿಯ ಹಿಂದಿನ ಶೆಡ್ಡಿನಲ್ಲಿತ್ತು. ಮಾಲೀಕ ಟಾರ್ಪಾಲು ಸರಿಸಿದಾಗ ನನ್ನ ಎದೆ ಡವಗುಟ್ಟಿತು. ಕೆಂಪು ಬಣ್ಣ, ಚೂಪು ಮೂತಿ, ಕಾರಿನಂಥ ಸ್ಟೀರಿಂಗು, ಹಾಡು ಕೇಳಲು ಸ್ಪೀಕರು, ಹಿಂದೆ ನಲವತ್ತು ಕುದುರೆಶಕ್ತಿಯ ಎಂಜಿನ್ನು. ಇದನ್ನು ಕೆರೆಯಲ್ಲಿ ಬಿಟ್ಟರೆ ಊರೇ ಬಂದು ನೋಡುತ್ತದೆ ಅನ್ನಿಸಿತು. ನಾನು ಆಗಲೇ ಸೀಟಿನಲ್ಲಿ ಕೂತು ಸ್ಟೀರಿಂಗ್ ತಿರುಗಿಸುತ್ತಿದ್ದೆ. ದೊಡ್ಡಮ್ಮ ದೋಣಿಯನ್ನು ಸುತ್ತು ಹಾಕಿದರು. ಬೆರಳ ಗೆಣ್ಣಿನಿಂದ ತಳವನ್ನು ಅಲ್ಲಲ್ಲಿ ಕುಟ್ಟಿ ಸದ್ದು ಕೇಳಿದರು. ಕೊನೆಗೆ ಎಂಜಿನ್ನನ್ನು ಬಿಗಿಯುವ ಹಿಂಬದಿಯ ಹಲಗೆಯ ಹತ್ತಿರ ಕುಕ್ಕರಗಾಲಿನಲ್ಲಿ ಕೂತು, ಭೂತಗನ್ನಡಿ ಕಣ್ಣಿಗೇರಿಸಿದರು. ಹೊಸ ಬಣ್ಣದ ಅಡಿಯಲ್ಲಿ, ಬೋಲ್ಟುಗಳ ಸುತ್ತ, ಕೂದಲೆಳೆಯಂಥ ಬಿರುಕುಗಳು ಜೇಡರ ಬಲೆಯ ಹಾಗೆ ಹರಡಿದ್ದವು. ಎಂಜಿನ್ನನ್ನು ಹಿಡಿದು ಅಲ್ಲಾಡಿಸಿದರೆ ಹಲಗೆಯೂ ಜೊತೆಗೆ ಅಲ್ಲಾಡಿತು.

ದೊಡ್ಡಮ್ಮ ಬೇಡವೆಂದು ಎದ್ದಾಗ ನನಗೆ ಅಳುವೇ ಬಂದಂತಾಯಿತು. ಬಿರುಕು ತುಂಬಿಸಬಹುದು ಎಂದು ಬಸ್ಸಿನಲ್ಲಿ ವಾದಿಸಿದೆ. ದೊಡ್ಡಮ್ಮ ಕಿಟಕಿಯಾಚೆ ನೋಡುತ್ತಲೇ ಹೇಳಿದರು: "ನಿನ್ ಕಣ್ಣೆಲ್ಲ ಎಂಜಿನ್ ಮೇಲೇ ಇತ್ತು. ಅವಳು ಎಲ್ಲಿಂದ ಹತ್ತುತ್ತಾಳೆ, ಎಲ್ಲಿ ಕೂರ್ತಾಳೆ ನೋಡಿದೇನ್ಲಾ?"

ನೋಡಿರಲಿಲ್ಲ. ಆ ದೋಣಿಯ ಅಂಚು ನನ್ನ ಸೊಂಟದಷ್ಟು ಎತ್ತರವಿತ್ತು.

ಆಮೇಲೆ ಇನ್ನೂ ಮೂರು ನೋಡಿದೆವು. ಒಂದರ ತಳ ಕೊಳೆತಿತ್ತು, ಒಂದರ ಎಂಜಿನ್ನು ಕೂಗಿತೇ ಹೊರತು ಓಡಲಿಲ್ಲ, ಇನ್ನೊಂದು ತೊಟ್ಟಿಲಿನಂತೆ ತೂಗಾಡಿತು. ಐದನೆಯದು ಡೆಂಕಣಿಕೋಟೆ ಕಡೆ, ಮುಚ್ಚಿಹೋದ ಒಂದು ರೆಸಾರ್ಟಿನ ಹುಣಸೆಮರದ ಕೆಳಗೆ ಬಿದ್ದಿತ್ತು. ಅಂಚೆಟ್ಟಿಯವನಾದ ಕಾವಲುಗಾರ ಒಳಗೆ ತುಂಬಿದ್ದ ತರಗೆಲೆಗಳನ್ನು ಗುಡಿಸಿ ತೋರಿಸಿದ. ಮಾಸಿದ ನೀಲಿ ಬಣ್ಣ, ಚಪ್ಪಟೆ ತಳ, ಅಗಲವಾದ ಮೈ, ಗಿಡ್ಡ ಅಂಚು. ಹಿಂದೆ ಹತ್ತು ಕುದುರೆಶಕ್ತಿಯ ಹಳೆಯ ಎಂಜಿನ್ನು. ಸ್ಟೀರಿಂಗ್ ಇಲ್ಲ, ಎಂಜಿನ್ನಿಗೇ ಸೇರಿದ ಒಂದು ಹಿಡಿಕೆ. ನನಗೆ ಅದು ಹಸು ನೀರು ಕುಡಿಯುವ ತೊಟ್ಟಿಯಂತೆ ಕಂಡಿತು. ದೊಡ್ಡಮ್ಮನ ಮುಖ ಮಾತ್ರ ಅರಳಿತ್ತು.

ರೆಸಾರ್ಟಿನ ಕೊಳಕ್ಕೆ ದೋಣಿ ಇಳಿಸಿದೆವು. ದೊಡ್ಡಮ್ಮ ಸೀರೆ ಎತ್ತಿ ಕಟ್ಟಿ ಹತ್ತಿ, ಒಂದು ಅಂಚಿನಲ್ಲಿ ನಿಂತರು. ನನ್ನನ್ನೂ ಅದೇ ಅಂಚಿಗೆ ಕರೆದರು, ಆಮೇಲೆ ಕಾವಲುಗಾರನನ್ನೂ. ಮೂರು ಜನ ಒಂದೇ ಕಡೆ ನಿಂತರೂ ದೋಣಿ ನಾಲ್ಕು ಬೆರಳಷ್ಟು ಬಾಗಿ ಸುಮ್ಮನಾಯಿತು. ಎಂಜಿನ್ನು ಹಗ್ಗದ ಎರಡನೇ ಎಳೆತಕ್ಕೆ ಶುರುವಾಯಿತು. ನೀಲಿ ಹೊಗೆ ಎದ್ದಿತು. ಎಂಜಿನ್ ತಣ್ಣಗಿರಲು ಪಕ್ಕದಿಂದ ಚಿಮ್ಮಬೇಕಾದ ಸಣ್ಣ ನೀರಿನ ಎಳೆ ಚಿಮ್ಮಿತು. ದೊಡ್ಡಮ್ಮ ನೀರಿಗಿಳಿದು ಕಣ್ಣು ಮುಚ್ಚಿ ಸದ್ದು ಕೇಳಿದರು. ಒಂದು ಬಡಿತ ಆಗಾಗ ತಡವಾಗುತ್ತಿದೆ ಅಂದರು. ನನಗೇನೂ ಕೇಳಿಸಿರಲಿಲ್ಲ. ಬಿಚ್ಚಿ ನೋಡಿದರೆ ಪ್ಲಗ್ಗಿನ ತುದಿಯಲ್ಲಿ ಮಸಿ ಕಟ್ಟಿತ್ತು! ಒರೆಸಿ ಹಾಕಿದೆ, ಸದ್ದು ಸಮನಾಯಿತು. ಅವತ್ತು ನನಗಾದ ಖುಷಿ ಕೆಂಪು ದೋಣಿಯನ್ನು ಮರೆಸಿಬಿಟ್ಟಿತು. ದೋಣಿಯನ್ನು ನೀರಿನಲ್ಲೇ ಬಿಟ್ಟು ಪುಳಿಯೋಗರೆ ತಿಂದು, ಕಾವಲುಗಾರನಿಗೂ ಬಡಿಸಿ, ಎರಡು ಗಂಟೆ ಕಾದು ಒಳಗೆ ನೋಡಿದರೆ ಒಂದು ಲೋಟ ನೀರೂ ಸೋರಿರಲಿಲ್ಲ.

ಮುಗಿಸಿಬಿಡೋಣ ಎಂದು ಅವಸರ ಮಾಡಿದೆ. ಮನೆಗೆ ಒಯ್ದು ಅಕ್ಕನಿಗೆ ಅಚ್ಚರಿ ಕೊಡಬೇಕೆಂದು ನನ್ನ ಆಸೆ. ದೊಡ್ಡಮ್ಮ ಬೇಡವೆಂದು ತಲೆಯಾಡಿಸಿದರು. "ಕೂರೋಳು ಅವಳು. ಅವಳೇ ಬಂದು ನೋಡ್ಲಿ."

ಮುಂದಿನ ಭಾನುವಾರ ಅಕ್ಕ ಬಂದಳು. ಮನಸ್ಸಿಲ್ಲದೇ ಬಂದಿದ್ದಳು ಅನ್ನುವುದು ಮುಖದಲ್ಲೇ ಕಾಣುತ್ತಿತ್ತು. ದಡದಿಂದ ದೋಣಿಗೆ ಅಗಲದ ಹಲಗೆ ಹಾಸಿದೆವು. ನಾನೂ ತಮ್ಮನೂ ಎತ್ತಲು ಬಗ್ಗಿದೆವು. ಅಕ್ಕ ಕೈ ಅಡ್ಡ ಹಿಡಿದಳು. ಕುರ್ಚಿಯಿಂದ ಹಲಗೆಗೆ ತಾನೇ ಇಳಿದಳು. ಎರಡೂ ಅಂಗೈ ಊರಿ, ಮೈಯನ್ನು ಗೇಣು ಗೇಣಾಗಿ ಸರಿಸುತ್ತ ಹೊರಟಳು. ಹಲಗೆ ಮುಗಿಯುವಲ್ಲಿ ಒಂದು ಕ್ಷಣ ತಡೆದಳು... ದೊಡ್ಡಮ್ಮ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಿದ್ದರು. ಅಕ್ಕ ಅಂಚು ದಾಟಿದಳು. ದೋಣಿ ಕದಲಲಿಲ್ಲ.

ಕಾವಲುಗಾರ ಅವಳನ್ನು ಹಿಂಬದಿಯ ಸೀಟಿನಲ್ಲಿ ಕೂರಿಸಿ ಹಿಡಿಕೆ ತೋರಿಸಿದ. ತಿರುಚಿದರೆ ವೇಗ, ಎಡಕ್ಕೆ ತಳ್ಳಿದರೆ ಬಲಕ್ಕೆ ಹೋಗುತ್ತದೆ. ಅಕ್ಕ ಮತ್ತೇನು ಮಾಡಬೇಕು ಎಂದು ಕೇಳಿದಳು. ಅಷ್ಟೇ ಅಂದ. ಅವಳು ಹಿಡಿಕೆಯನ್ನೂ ತನ್ನ ಕಾಲುಗಳನ್ನೂ ಒಂದು ಸಲ ನೋಡಿ, ದಡದಲ್ಲಿದ್ದ ತಾಯಿಯತ್ತ ತಲೆಯೆತ್ತಿದಳು.

"ಅಮ್ಮಾ, ಇದಕ್ಕೆ ಕಾಲೇ ಬೇಡ್ವಲ್ಲ."

ದೊಡ್ಡಮ್ಮ ಕಣ್ಣೊಳಗೆ ಏನೋ ಬಿದ್ದವರಂತೆ ಸೆರಗಿನಿಂದ ಒರೆಸಿಕೊಂಡು, ಮಾಲೀಕರಿಗೆ ಫೋನು ಮಾಡು ಎಂದು ನನಗೆ ಹೇಳಿದರು.

ಆ ದೋಣಿ ನಮ್ಮ ಕೆರೆಗೆ ಬಂದ ಮೊದಲ ದಿನ ಮನೆಮಂದಿಯೆಲ್ಲ ಮದುವೆಗೆ ಹೊರಟಂತೆ ಹೊರಟಿದ್ದೆವು. ಲೈಫ್ ಜಾಕೆಟ್ಟಿನ ಮೇಲೆ ಕನಕಾಂಬರದ ಮಾಲೆ ಹಾಕಿಕೊಂಡು ಕೂತಿದ್ದ ನನ್ನ ತಾಯಿ ಈಗಲೂ ಕಣ್ಣಿಗೆ ಕಟ್ಟಿದಂತಿದ್ದಾರೆ. ಅಕ್ಕನೇ ದೋಣಿ ಓಡಿಸಿದಳು. ಮೊದಲ ತಿರುವಿನಲ್ಲಿ ನಮ್ಮೆಲ್ಲರ ಮೇಲೂ ನೀರು ಸಿಡಿಸಿ, ನಾನು ಎಂದೂ ಕೇಳಿರದಷ್ಟು ಜೋರಾಗಿ ನಕ್ಕಳು. ದೊಡ್ಡಮ್ಮ ಅವಳಿಗೆ ಎದುರಾಗಿ ಕೂತು, ಒಂದು ಕೈಯಿಂದ ಅವಳ ಜಾಕೆಟ್ಟಿನ ಪಟ್ಟಿ ಹಿಡಿದಿದ್ದರು. ಮುಂದೆ ಎಷ್ಟೋ ಭಾನುವಾರಗಳು ಹಾಗೇ ಕಳೆದವು. ಅಕ್ಕ ಒಬ್ಬಳೇ ಒಂದು ಸುತ್ತು ಹೋಗಿಬರುತ್ತೇನೆಂದು ಎಷ್ಟು ಸಲ ಕೇಳಿದರೂ ದೊಡ್ಡಮ್ಮ ಬಿಡಲಿಲ್ಲ. ಆ ವಿಷಯಕ್ಕೆ ತಾಯಿ ಮಗಳು ಮಾತು ಬಿಟ್ಟದ್ದೂ ಉಂಟು.

ಎರಡು ವರ್ಷದ ಹಿಂದೆ, ಬೇಸಿಗೆಯ ಒಂದು ಬೆಳಿಗ್ಗೆ, ಅಕ್ಕನಿಗೆ ಕಾಫಿ ಕೊಟ್ಟು ಕುರ್ಚಿಯಲ್ಲಿ ಕೂತ ದೊಡ್ಡಮ್ಮ ಮತ್ತೆ ಏಳಲಿಲ್ಲ. ಅಂದಿನಿಂದ ದೋಣಿ ದಡದಲ್ಲೇ ಕವುಚಿ ಬಿದ್ದಿತ್ತು. ಅದರ ಮಾತನ್ನು ಯಾರೂ ಎತ್ತಲಿಲ್ಲ...

ಸಿಗ್ನಲ್ಲಿನಲ್ಲಿ ಆ ಹೊಗೆ ಕುಡಿದ ದಿನವೇ ನಾನು ಅಕ್ಕನಿಗೆ ಫೋನು ಮಾಡಿದೆ. ಮೊನ್ನೆ ಭಾನುವಾರ ದೋಣಿ ತೊಳೆದು, ಎಂಜಿನ್ನು ಸರಿಮಾಡಿ ನೀರಿಗಿಳಿಸಿದೆವು. ಅಕ್ಕ ಹತ್ತಿ ಕೂತು, ನಾನು ಕಾಲಿಡುವ ಮೊದಲೇ, ಬೇಡ ಎಂದು ಕೈಸನ್ನೆ ಮಾಡಿದಳು. ನಾನು ನಿಂತುಬಿಟ್ಟೆ. ಅವಳು ಒಬ್ಬಳೇ ಹೊರಟಳು. ಕೆರೆಯ ಆಚೆ ಬದಿಯವರೆಗೂ ಹೋಗಿ, ದೊಡ್ಡ ಸುತ್ತು ಹೊಡೆದು, ಮೈಯೆಲ್ಲ ನೆನೆದು, ಮುಖ ಕೆಂಪಾಗಿಸಿಕೊಂಡು ಬಂದಳು. ದಡದಲ್ಲಿದ್ದ ನಾವೆಲ್ಲ ಚಪ್ಪಾಳೆ ತಟ್ಟುತ್ತಿದ್ದೆವು. ನಾನು ಹಗ್ಗ ಹಿಡಿದು ದೋಣಿಯನ್ನು ಎಳೆದುಕೊಂಡೆ.

"ಅಮ್ಮ ಇದ್ದಿದ್ರೆ ಬುಡ್ತಿರ್ಲಿಲ್ಲ ಕಣ್ಲಾ" ಅಂದಳು ನಗುತ್ತಲೇ.

ಬಿಡುತ್ತಿರಲಿಲ್ಲ, ನಿಜ. ಹೌದು ಅಂದೆ. ಅಕ್ಕನ ನಗು ಇನ್ನೂ ಮುಖದಲ್ಲಿತ್ತು, ಆದರೆ ಅವಳು ಇಳಿಯಲಿಲ್ಲ. ಹಿಡಿಕೆಯ ಮೇಲೆ ಕೈಯಿಟ್ಟುಕೊಂಡು, ತನ್ನೆದುರಿನ ಖಾಲಿ ಸೀಟನ್ನು ನೋಡುತ್ತ ಕೂತಳು. ನಾನೂ ಹಗ್ಗ ಹಿಡಿದುಕೊಂಡು ನೀರಿನಲ್ಲೇ ನಿಂತೆ.